ಬೋರಲು ಹಡಗು

ಫೆಬ್ರವರಿ ೧೧

ಅಣ್ಣಾ,

ಖುಷಿಯ ಸುದ್ದಿ ಒಂದಿದೆ, ಕೂತುಕೊಂಡು ಓದು. ನಿನ್ನ ಚರ್ಚನ್ನು ಕೆಡವುತ್ತಾರೆ.

ಇದು ನನ್ನ ಕನಸಲ್ಲ, ಬಿಷಪ್ಪರ ಕಚೇರಿಯ ಆದೇಶ. ದಕ್ಷಿಣದ ಗೋಡೆ ಹೊರಕ್ಕೆ ವಾಲಿದೆ, ಮರದ ಚಾವಣಿ ಅದನ್ನು ವರ್ಷದಿಂದ ವರ್ಷಕ್ಕೆ ತಳ್ಳುತ್ತಿದೆ, ಯಾವತ್ತಾದರೂ ಎರಡೂ ಒಟ್ಟಿಗೆ ಜನರ ತಲೆ ಮೇಲೆ ಬರುತ್ತವೆ ಎಂದು ಎಂಜಿನಿಯರಮ್ಮ ಬರೆದುಕೊಟ್ಟಿದ್ದಾರೆ. ಬಾಗಿಲಿಗೆ ಬೀಗ ಬಿದ್ದಿದೆ. ಮೇ ಮುಗಿಯುವುದರೊಳಗೆ ನೆಲಸಮ, ಆಮೇಲೆ ಅದೇ ಜಾಗದಲ್ಲಿ ಕಾಂಕ್ರೀಟಿನ ಹೊಸದು. ಮುನ್ನೂರು ವರ್ಷ ಬಡವರ ಬೆನ್ನ ಮೇಲೆ ಕೂತಿದ್ದ ಕಟ್ಟಡ ಕೊನೆಗೂ ಎದ್ದು ಹೋಗುತ್ತಿದೆ. ಮೊನ್ನೆ ಒಂದು ಕರಪತ್ರದಲ್ಲಿ ಓದಿದೆ: ಗೋಪುರ ಎತ್ತರವಾದಷ್ಟೂ ಅದರ ನೆರಳು ಬಡವನ ಅಂಗಳದಲ್ಲೇ ಉದ್ದವಾಗುತ್ತದೆ. ಅಡಿಗೆರೆ ಎಳೆದು ಗೋಡೆಗೆ ಅಂಟಿಸಿದೆ. ಅಮ್ಮ ಅದರ ಮೇಲೆ ಕ್ಯಾಲೆಂಡರು ನೇತುಹಾಕಿದ್ದಾಳೆ.

ಇನ್ನೂ ಚೆಂದದ ಮಾತು ಕೇಳು. ಚಾವಣಿ ಬಿಚ್ಚುವ ಕೆಲಸ ನಮ್ಮ ದೋಣಿ ಕಟ್ಟುವ ಅಂಗಳಕ್ಕೇ ಸಿಕ್ಕಿದೆ. ಅಪ್ಪನ ಜಾಗದಲ್ಲಿ ನಿಂತು ಹಲಗೆ ಹೆರೆಯುತ್ತಿರುವ ಈ ನಿನ್ನ ತಂಗಿಯೇ ಮೊದಲ ಹಾರೆ ಹಾಕುತ್ತಾಳೆ. ಅಪ್ಪನ ಶವಪೆಟ್ಟಿಗೆಯನ್ನು ಆ ಬಾಗಿಲಿಂದ ಹೊರಗೆ ತಂದ ದಿನದಿಂದ ನಾನು ಆ ಕಡೆ ಮುಖ ಹಾಕಿಲ್ಲ. ಈಗ ನೇರ ಅದರ ನೆತ್ತಿ ಮೇಲೆ ಹತ್ತುತ್ತೇನೆ.

ಅಮ್ಮ ಚೆನ್ನಾಗಿದ್ದಾಳೆ. ಇಪ್ಪತ್ತು ಚಿಲ್ಲರೆ ವರ್ಷ ಗುಡಿಸಿದ ಚರ್ಚಿನ ಒಳಗೆ ಬಿಡಲಿಲ್ಲ ಅಂತ ಹೊರಗಿನ ಮೆಟ್ಟಿಲನ್ನೇ ಗುಡಿಸಿ ಬಂದಳು. ಜೂನಿನಲ್ಲಿ ನಿನಗೆ ಗುರುದೀಕ್ಷೆ, ಹೊಸ ಗುರುಗಳು ಚೊಚ್ಚಲ ಪೂಜೆಯನ್ನು ಹುಟ್ಟೂರಿನ ಚರ್ಚಿನಲ್ಲೇ ಅರ್ಪಿಸುತ್ತಾರೆ ಎಂದು ಕಂಡವರಿಗೆಲ್ಲ ಹೇಳಿಕೊಂಡಿದ್ದಳು. ಇನ್ನು ಶಾಲೆಯ ಊಟದ ಹಾಲಿನಲ್ಲಿ ಅರ್ಪಿಸು. ಎಲ್ಲಿ ಮಾಡಿದರೂ ನಾನು ಬರುವವಳಲ್ಲ, ಆ ಚಿಂತೆ ನಿನಗೆ ಬೇಡ.

ಇಂತಿ, ಚರ್ಚು ಕೆಡವುವ ನಿನ್ನ ತಂಗಿ,
ಕಿಡಿ


ಫೆಬ್ರವರಿ ೨೭

ಪ್ರೀತಿಯ ಕಿಡಿ,

ನಿಂತುಕೊಂಡೇ ಓದಿದೆ. ಆಮೇಲೆ ಕೂತೆ.

ಶತ್ರು ಯಾರೆಂದು ತಿಳಿಯದೆ ಹೊಡೆಯಬಾರದು ಎಂದು ನಿನ್ನ ಕರಪತ್ರಗಳೂ ಹೇಳುತ್ತಿರಬೇಕು. ಆದ್ದರಿಂದ ಹಾರೆ ಹಾಕುವ ಮೊದಲು ಇಷ್ಟು ಕೇಳಿಸಿಕೋ. ಇಲ್ಲಿ ಸೆಮಿನರಿಯ ಗ್ರಂಥಾಲಯದಲ್ಲಿ ನಮ್ಮ ಚರ್ಚಿನ ಬಗ್ಗೆ ಎರಡು ಪುಟ ಸಿಕ್ಕವು. ಬಿರುಗಾಳಿಯಲ್ಲಿ ಗಂಡನನ್ನು ಕಳೆದುಕೊಂಡ ಒಬ್ಬ ಕಪ್ತಾನನ ಹೆಂಡತಿ ಮರಮುಟ್ಟು ದಾನ ಕೊಟ್ಟಳಂತೆ. ಚಾವಣಿ ಬೋರಲು ಹಾಕಿದ ಹಡಗಿನ ಹಾಗಿರುವುದು, ಕ್ರೈಸ್ತ ಸಭೆಯೇ ಭಕ್ತರನ್ನು ದಾಟಿಸುವ ಹಡಗು ಎಂಬುದರ ಗುರುತು. ಬಾಗಿಲಲ್ಲಿ ನಿಂತರೆ ಪೀಠದ ಅರ್ಧ ಮಾತ್ರ ಕಾಣುತ್ತದಲ್ಲ, ಇಡೀ ಚರ್ಚು ನಡುವಿನಲ್ಲಿ ಎಡಕ್ಕೆ ಬಾಗಿದೆಯಲ್ಲ, ಅದು ಶಿಲುಬೆಯ ಮೇಲೆ ವಾಲಿದ ಯೇಸುವಿನ ತಲೆಯ ಗುರುತು. ಪುಸ್ತಕ ಹೀಗನ್ನುತ್ತದೆ. ಅಪ್ಪ ಈ ವಿವರಣೆ ಕೇಳಿದಾಗಲೆಲ್ಲ ಮೀಸೆಯಡಿ ನಗುತ್ತಿದ್ದ, ಯಾಕೆಂದು ಹೇಳಲಿಲ್ಲ.

ಪುಸ್ತಕದಲ್ಲಿ ಇಲ್ಲದ್ದು ಒಂದು ನನಗೆ ನೆನಪಿದೆ. ಕಿಟಕಿಗಳ ನೀಲಿ ಗಾಜಿನಿಂದ ಮಧ್ಯಾಹ್ನದ ಬಿಸಿಲು ಇಳಿದಾಗ ನೆಲದ ಮೇಲೆ ನೀರು ನಿಂತ ಹಾಗೆ ಆಗುತ್ತಿತ್ತು. ಚಪ್ಪಲಿ ನೆನೆಯುತ್ತದೆ ಎಂದು ನೀನು ಬೆಂಚಿನ ಮೇಲೆ ಕಾಲೆತ್ತಿ ಕೂರುತ್ತಿದ್ದೆ.

ಅಪ್ಪ ಹೋದ ವರ್ಷವೇ ನಾನು ಇಲ್ಲಿಗೆ ಬಂದೆ. ನನ್ನ ಕೈಗೆ ಬರಬೇಕಿದ್ದ ಉಳಿ ಸುತ್ತಿಗೆ ನಿನ್ನ ಕೈಗೆ ಬಂದವು, ನಿನ್ನ ಶಾಲೆ ನಿಂತಿತು. ಇದನ್ನು ನಾವು ಒಮ್ಮೆಯೂ ಆಡಿಲ್ಲ. ಪ್ರತಿ ಪತ್ರದಲ್ಲೂ ಆ ಮಾತಿಗೆಂದೇ ಹೊರಡುತ್ತೇನೆ, ಹವಾಮಾನದ ಹತ್ತಿರ ಬಂದು ನಿಂತುಬಿಡುತ್ತೇನೆ.

ಇಲ್ಲಿ ಚಳಿ ಕಡಿಮೆಯಾಗಿದೆ.

ನಿನ್ನ ಅಣ್ಣ


ಮಾರ್ಚ್ ೧೬

ಅಣ್ಣಾ,

ಇಲ್ಲಿಯೂ ಹವಾಮಾನ ಚೆನ್ನಾಗಿದೆ. ಇನ್ನು ಕೆಲಸದ ಮಾತು.

ಹೆಂಚು ಇಳಿಸಿ ಮುಗಿಯಿತು. ಹಲಗೆ ಬಿಚ್ಚುವ ಮೊದಲ ದಿನ ನಾನೂ ಕಹಳೆ ಮಾವನೂ ಚಾವಣಿಯ ನೆತ್ತಿಗೆ ಹತ್ತಿದೆವು. ಕಹಳೆ ಮಾವ ನೆನಪಿದ್ದಾನೆ ತಾನೆ? ಹಡಗು ನೀರಿಗಿಳಿಸುವಾಗ ಕೂಗು ಹಾಕುವವನು, ಈಗ ನಮ್ಮ ಅಂಗಳದ ಕಾರ್ಮಿಕ ಸಂಘದ ಕಾರ್ಯದರ್ಶಿಯೂ ಹೌದು. ಗಂಟಲು ಒಂದೇ, ಕೆಲಸ ಎರಡು. ಹಲಗೆಯ ಮೇಲಿನ ಧೂಳು ಒರೆಸುತ್ತಿದ್ದವನು ಇದ್ದಕ್ಕಿದ್ದಂತೆ ಬಗ್ಗಿ ನೋಡಿದ. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದ.

"ಇಲ್ನೋಡೇ, ಬಿರಡೆ!"

ಚಾವಣಿಯ ಅತಿ ಎತ್ತರದ ಜಾಗದಲ್ಲಿ ಮುಷ್ಟಿಗಾತ್ರದ ತೂತು, ಅದಕ್ಕೆ ಬಿಗಿಯಾಗಿ ಜಡಿದ ಮರದ ಬಿರಡೆ. ನೀನು ಅಂಗಳ ಮರೆತಿರಬಹುದು, ಜ್ಞಾಪಿಸುತ್ತೇನೆ. ದಡಕ್ಕೆಳೆದ ದೋಣಿಯ ಒಳಗಿನ ನೀರು ಹೋಗಲಿ ಎಂದು ತಳದಲ್ಲಿ ಒಂದು ತೂತು ಬಿಡುತ್ತೇವೆ, ನೀರಿಗಿಳಿಸುವ ಮುಂಚೆ ಬಿರಡೆ ಹಾಕುತ್ತೇವೆ. ಬೋರಲು ಹಾಕಿದರೆ ತಳ ಮೇಲಾಗುತ್ತದೆ. ಚರ್ಚಿನ ಚಾವಣಿ ಮಾಡಿ ಎಂದರೆ ಆ ಪುಣ್ಯಾತ್ಮರು ಕೈಗೆ ಬಂದದ್ದೇ ಮಾಡಿದ್ದಾರೆ, ದೋಣಿ! ಅಭ್ಯಾಸಬಲಕ್ಕೆ ತೂತನ್ನೂ ಕೊರೆದಿದ್ದಾರೆ.

"ನಮ್ಮೋರೇ ಕಣೇ," ಎಂದ ಮಾವ, ಕಣ್ಣೊರೆಸಿಕೊಂಡು. "ಬೇರೆ ಯಾವ ಪೆದ್ದ ದೇವರ ತಲೆ ಮೇಲೆ ನೀರು ಬಿಡೋ ತೂತು ಇಡ್ತಾನೆ?"

ನಿನ್ನ ಪುಸ್ತಕದ ವಾಲಿದ ತಲೆಯೂ ಗೊತ್ತಾಯಿತು. ಎಡಬದಿಯ ಪಕ್ಕೆಲುಬಿನ ಮರಗಳು ತುಸು ಗಿಡ್ಡ. ಹಡಗು ಸೊಟ್ಟಗಾಯಿತು. ಬಿಚ್ಚಿ ಮತ್ತೆ ಮಾಡುವ ಬದಲು ಗೋಡೆಯನ್ನೇ ಅದಕ್ಕೆ ಹೊಂದಿಸಿ ಸೊಟ್ಟಗೆ ಕಟ್ಟಿಸಿದ್ದಾರೆ. ಅಪ್ಪ ನಕ್ಕಿದ್ದು ಇದಕ್ಕೇ.

ಹಾರೆ ಕೆಳಗಿಟ್ಟೆ, ಅಣ್ಣಾ. ಎಲ್ಲಿಯೂ ಒಂದು ಮೊಳೆ ಇಲ್ಲ, ಎಲ್ಲ ಮರದ ಗೂಟ. ಇಷ್ಟು ವರ್ಷ ಇದು ದೊರೆಗಳ ಕಟ್ಟಡ, ಬೀಳಲಿ ಎಂದು ಹಾರೈಸುತ್ತಿದ್ದೆ. ಇದು ನನ್ನ ಅಂಗಳದ ಹಡಗು. ಪುಸ್ತಕದವರು ಮರ ಕೊಟ್ಟವಳನ್ನು ಬರೆದರು, ಕರಪತ್ರದವರು ಶಾಪ ಹಾಕಿದರು. ಮೇಲೆ ಹತ್ತಿ ನೋಡಿದವರು ಯಾರೂ ಇಲ್ಲ, ನಾನೂ ಸೇರಿ.

ಉತ್ತರದ ಗೋಡೆಯ ಮೇಲೆ ಪಕ್ಕೆಲುಬುಗಳ ಪಾದಗಳು ದಿಮ್ಮಿಗೆ ಕೊರೆದ ಕಚ್ಚಿನಲ್ಲಿ ಸಡಿಲವಾಗಿ ಕೂತಿವೆ. ಒದ್ದೆ ಕಾಲದಲ್ಲಿ ಮರ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ, ಅದಕ್ಕೆ ಆಡಲು ಜಾಗ ಬೇಕು. ದಕ್ಷಿಣದ ಕಡೆ ಆ ಸಂದಿಗೆಲ್ಲ ಯಾರೋ ಸಿಮೆಂಟು ತುಂಬಿದ್ದಾರೆ! ಉಬ್ಬಿದಾಗಲೆಲ್ಲ ಹಡಗು ಗೋಡೆಯನ್ನು ತಳ್ಳಿದೆ. ಎಂಜಿನಿಯರಮ್ಮನನ್ನು ಕರೆದೆ. ಸೀರೆ ಸೆರಗು ಬಿಗಿದು ಏಣಿ ಹತ್ತಿದರು, ಎರಡೂ ಕಡೆ ಕೈ ಹಾಕಿ ನೋಡಿದರು.

"ಗೋಡೆ ವಾಲಿದೆ ಅಂತ ಕೆಳಗಿಂದ ಅಳೆದಿದ್ದೆ. ಯಾಕೆ ಅಂತ ಇವತ್ತು ಕಂಡಿತು. ಪಾದ ಬಿಡಿಸಿದರೆ ಗೋಡೆ ಉಳಿಯುತ್ತೆ. ಆದರೆ ಸುಮ್ಮನೆ ಸಿಮೆಂಟ್ ಒಡೆದರೆ ಚಾವಣಿ ಚಿಮ್ಮುತ್ತೆ."

"ಹಾಗಾದ್ರೆ ಮೊದ್ಲು ಎತ್ತೋಣ."

"ಇಡೀ ಚಾವಣಿನಾ?"

"ನಾವು ಇಡೀ ಹಡಗು ಎತ್ತಲ್ವಾ ಮೇಡಂ? ಎಷ್ಟು ಎತ್ತಬೇಕು, ಎಲ್ಲಿಗೆ ನಿಲ್ಲಿಸಬೇಕು ಅದನ್ನ ನೀವು ಹೇಳಿ."

ಅವರು ಪೆನ್ಸಿಲ್ ತೆಗೆದು ಅಲ್ಲೇ ದಿಮ್ಮಿಯ ಮೇಲೆ ಲೆಕ್ಕ ಹಾಕತೊಡಗಿದರು. ಆ ಹೆಂಗಸು ನನಗೆ ಇಷ್ಟವಾದರು.

ಸಿಮೆಂಟು ತುಂಬಿಸಿದ್ದು ಯಾರು ಗೊತ್ತೇ? ಮನೆಗೆ ಬಂದು ಕೇಳಿದೆ. ಅಮ್ಮನ ಮುಖ ಬಿಳಚಿತು. "ಪಾರಿವಾಳ," ಎಂದಳು. ಬಿಸಿಲು ಕಾಯುವ ಪಾರಿವಾಳಗಳು ದಕ್ಷಿಣದ ಸಂದಿಯಿಂದ ಒಳಗೆ ನುಗ್ಗಿ ಬೆಂಚು, ಪೀಠದ ಬಟ್ಟೆ ಎಲ್ಲ ಹೊಲಸು ಮಾಡುತ್ತಿದ್ದವಂತೆ. ಆಗಿನ ಫಾದರ್ ಹತ್ತಿರ ಇವಳೇ ಜಗಳ ತೆಗೆದಳಂತೆ: "ಒಂದೋ ಆ ಸಂದಿ ಮುಚ್ಚಿಸಿ, ಇಲ್ಲಾ ಪಾರಿವಾಳದ ಕೈಗೇ ಪೊರಕೆ ಕೊಡಿ." ಮುಚ್ಚಿಸಿದರು. "ಚರ್ಚು ಕೆಡವಿದ್ದು ನಾನೇ ಕಣೇ," ಎನ್ನುತ್ತ ಎರಡು ದಿನದಿಂದ ಸರಿಯಾಗಿ ಊಟ ಮಾಡಿಲ್ಲ. ಅವಳಿಗೆ ನೀನೇ ಏನಾದರೂ ಬರೆ. ದೇವರ ಕಡೆಯವರ ಮಾತು ಕೇಳುತ್ತಾಳೆ.

ಆದೇಶ ಮಾತ್ರ ಹಾಗೇ ಇದೆ. ಮೇಲಿನವರಿಗೆ ನಮ್ಮ ಮಾತು ಮುಟ್ಟಿಸುವವರು ಯಾರು?

ಕಿಡಿ


ಏಪ್ರಿಲ್ ೨

ಪ್ರೀತಿಯ ಕಿಡಿ,

ಮುಟ್ಟಿಸಿದೆ.

ಬಿಷಪ್ಪರ ಕಚೇರಿಗೆ ನೇರವಾಗಿ ಬರೆದೆ, ಬಿರಡೆಯನ್ನೂ ಪಾರಿವಾಳವನ್ನೂ ಬಿಡದೆ. ಉತ್ತರ ಬಂದಿದೆ. ಊರಿನ ಸಭೆ ಚರ್ಚು ಉಳಿಯಲಿ ಎಂದು ಕೇಳಬೇಕು. ಮೇ ಮುಗಿಯುವ ಮೊದಲು ಚಾವಣಿಯ ಪಾದಗಳನ್ನು ಬಿಡಿಸಿ, ಗೋಡೆ ಭದ್ರವಾಗಿದೆ ಎಂದು ಎಂಜಿನಿಯರರಿಂದಲೇ ಸಹಿ ಹಾಕಿಸಬೇಕು. ಎರಡರಲ್ಲಿ ಒಂದು ತಪ್ಪಿದರೂ ಹಳೆಯ ಆದೇಶವೇ.

ಸೆಮಿನರಿಯ ಹಿರಿಯರು ನನ್ನನ್ನು ಕರೆದು ಕೆಲವು ಮಾತು ಕೇಳಿದರು. ಅದು ದೊಡ್ಡದಲ್ಲ. ದೀಕ್ಷೆಯ ದಿನ ಇನ್ನೂ ಗೊತ್ತಾಗಿಲ್ಲ.

ಅಮ್ಮನಿಗೆ ಹೇಳು: ಪಾರಿವಾಳ ಪವಿತ್ರಾತ್ಮದ ಗುರುತು ಎಂದು ಓದಿಕೊಂಡ ಗುರುಗಳೇ ಅದಕ್ಕೆ ಬಾಗಿಲು ಮುಚ್ಚಿದ ಮೇಲೆ, ಪೊರಕೆ ಹಿಡಿದವಳ ತಪ್ಪೇನು?

ನಿನ್ನ ಅಣ್ಣ


ಏಪ್ರಿಲ್ ೧೯

ಅಣ್ಣಾ,

ಒಂದೇ ವಾರದಲ್ಲಿ ಎರಡು ಸಭೆ ಗೆದ್ದೆ!

ಮೊದಲನೆಯದು ನಮ್ಮ ಸಂಘದ್ದು. ಸಂಬಳವಿಲ್ಲದೆ ಚಾವಣಿ ಎತ್ತಬೇಕು ಎಂದಾಗ ಬೆಂಕಿ ಬಿತ್ತು. "ಬಿಷಪ್ಪನಿಗೆ ಬಿಟ್ಟಿ ದುಡೀಬೇಕಾ?" "ನಿನ್ನ ಕರಪತ್ರ ಎಲ್ಲಿ ಹೋಯ್ತಮ್ಮಾ, ಚರ್ಚಿನ ಹುಂಡಿಗೆ ಹಾಕಿದ್ಯಾ?" ಬಿರಡೆಯನ್ನು ತಂದು ಮೇಜಿನ ಮೇಲಿಟ್ಟೆ. ಕೈಯಿಂದ ಕೈಗೆ ಹೋಯಿತು. ಒಬ್ಬ ಮೂಸಿ ನೋಡಿದ, ಇನ್ನೊಬ್ಬ ಉಗುರಿನಿಂದ ಕೆರೆದ. ಎಲ್ಲಿತ್ತು ಎಂದು ಹೇಳಿದಾಗ ಎಲ್ಲರೂ ನಕ್ಕರು. ಆಗ ಎದ್ದು ನಿಂತೆ.

"ಕಟ್ಟಿದೋರು ನಮ್ಮೋರು. ಅವರ ಹೆಸರು ಎಲ್ಲೂ ಇಲ್ಲ. ಅವರ ಕೆಲಸ ಮಾತ್ರ ಇದೆ, ಅದನ್ನೂ ನಮ್ಮ ಕೈಯಲ್ಲೇ ಅಳಿಸ್ತೀರಾ? ನಾನು ದೇವರಿಗೆ ದುಡೀತಿಲ್ಲ, ಆ ಬಡಗಿಗಳಿಗೆ ದುಡೀತೀನಿ."

ಎಲ್ಲ ಕೈ ಮೇಲೆದ್ದವು. ಮೊದಲು ಎದ್ದದ್ದು ಹುಂಡಿಯ ಮಾತಾಡಿದವನದೇ.

ಎರಡನೆಯದು ಚರ್ಚಿನ ಸಭೆ, ಶಾಲೆಯ ಹಾಲಿನಲ್ಲಿ. ಅಲ್ಲಿ ಕಷ್ಟ ಬೇರೆ. ಅರ್ಧ ಜನಕ್ಕೆ ಫ್ಯಾನು, ಮೈಕು, ನೇರ ಗೋಡೆ ಇರುವ ಹೊಸ ಚರ್ಚು ಬೇಕು. ಚರ್ಚಿನ ಗಾಯನತಂಡದ ಮೇಷ್ಟ್ರು ನನ್ನನ್ನು ಕಂಡವರೇ, "ಏನಮ್ಮಾ, ವರ್ಷಗಟ್ಟಲೆ ಚರ್ಚಿಗೆ ಬರದವಳಿಗೆ ಇಲ್ಲಿ ಯಾವ ಕುರ್ಚಿ?" ಎಂದರು.

"ಕೂರೋಕೆ ಬಂದಿಲ್ಲ ಮೇಷ್ಟ್ರೇ, ಹತ್ತೋಕೆ ಬಂದಿದೀನಿ."

ಕೆಲವರು ನಕ್ಕರು, ಆದರೆ ನಕ್ಕವರೆಲ್ಲ ಕೈ ಎತ್ತುವುದಿಲ್ಲವಲ್ಲ. ಎಂಜಿನಿಯರಮ್ಮ ಗೋಡೆಯ ಚಿತ್ರ ಬರೆದು ತೋರಿಸಿದರು. ಆದರೂ ಹಿಂದಿನ ಸಾಲಿನಿಂದ ಒಂದೇ ಗೊಣಗು: ಆವತ್ತು ಸಿಮೆಂಟು ಹಾಕಿಸಿದ ಮೂರ್ಖರು ಯಾರು, ಅವರೇ ಸರಿಮಾಡಲಿ. ಅಮ್ಮ ಎದ್ದಳು. ನಾನು ಸೆರಗು ಹಿಡಿದೆಳೆದೆ, ಕೊಸರಿಕೊಂಡಳು.

"ಆ ಮೂರ್ಖಿ ನಾನು. ನಿಮ್ಮ ತಲೆ ಮೇಲೆ ಪಾರಿವಾಳದ ಪಿಕ್ಕೆ ಬೀಳದ ಹಾಗೆ ನೋಡ್ಕೊಂಡೋಳು ನಾನು. ನಿಮ್ಮ ಮದುವೆ, ನಿಮ್ಮ ಮಕ್ಕಳ ದೀಕ್ಷಾಸ್ನಾನ, ನಿಮ್ಮ ಹಿರಿಯರ ಪೆಟ್ಟಿಗೆ, ಎಲ್ಲಾದಕ್ಕೂ ಮುಂಚೆ ಒಬ್ಬಳೇ ಹೋಗಿ ಗುಡಿಸಿದೀನಿ. ತಪ್ಪಾಯ್ತು, ಸರಿ ಮಾಡ್ತೀವಿ ಅಂತಿದೀನಿ. ಹೊಸ ಚರ್ಚು ಕಟ್ಟೋರಿಗೆ ಒಂದೇ ಮಾತು: ಅದನ್ನ ಗುಡಿಸೋಕೆ ನಾನು ಬರಲ್ಲ!"

ಈಗಿನ ಫಾದರ್ ಅಭ್ಯಾಸದಂತೆ ಮೂರು ಸಲ ಕೆಮ್ಮಿದರು, ಆಮೇಲೆ ತಾವೇ ಮೊದಲು ಕೈ ಎತ್ತಿದರು. ಅಮ್ಮನ ಕಣ್ಣಿಗೆ ಬೀಳುವ ಜಾಗದಲ್ಲಿ ಕೂತು ಕೈ ಎತ್ತದಿರುವ ಧೈರ್ಯ ಇದ್ದವರು ಬಹಳ ಕಡಿಮೆ. ಮೇಷ್ಟ್ರು ಅವರಲ್ಲಿ ಒಬ್ಬರು. ಪರವಾಗಿಲ್ಲ, ಮನುಷ್ಯನಿಗೆ ನಿಲುವು ಇರಬೇಕು.

ಮೇ ಮೊದಲ ವಾರ ಎತ್ತುತ್ತೇವೆ. ಬಾ ಎಂದು ಕರೆಯುತ್ತಿಲ್ಲ. ಬಿಡುವಿದ್ದರೆ ತಿಳಿದಿರಲಿ ಎಂದು ಹೇಳಿದೆ.

ಕಿಡಿ


ಏಪ್ರಿಲ್ ೨೭

ಮಗನೇ,

ಅಮ್ಮ ಬರೀತಿರೋದು. ನಿನ್ನ ತಂಗಿ ಅಂಗಳಕ್ಕೆ ಹೋಗಿದ್ದಾಳೆ.

ನೀನು ಹಿರಿಯರನ್ನು ಕೇಳದೆ ಬಿಷಪ್ಪರಿಗೆ ಬರೆದ ತಪ್ಪಿಗೆ ನಿನ್ನ ದೀಕ್ಷೆ ತಡೆದಿದ್ದಾರೆ ಅಂತ ಅವಳಿಗೆ ಹೇಳಬೇಡ ಅಂತ ನನಗೆ ಬೇರೆ ಕಾಗದದಲ್ಲಿ ಬರೆದಿದ್ದೆಯಲ್ಲ. ಇಷ್ಟು ದಿನ ಹೇಳಿಲ್ಲ. ಆದ್ರೆ ನನ್ನ ಹೊಟ್ಟೇಲಿ ಮಾತು ನಿಲ್ಲಲ್ಲ, ನಿನಗೆ ಗೊತ್ತು. "ಅಣ್ಣ ಬರಲ್ವಂತೆ, ಅವನಿಗೆ ಪುಸ್ತಕವೇ ಹೆಚ್ಚು" ಅಂತ ನಿನ್ನೆ ಅವಳು ಅಂದ್ಲು. ನಾನು ಬೆರಳು ಕಚ್ಕೊಂಡು ಸುಮ್ನಿದ್ದೆ. ಇವತ್ತು ಇರ್ತೀನಿ ಅನ್ನೋ ಭರವಸೆ ಇಲ್ಲ.

ಚಾವಣಿ ಎತ್ತೋವಾಗ ಎಲ್ಲರೂ ಒಂದೇ ಏಟಿಗೆ ಬೆಣೆ ಹೊಡೀಬೇಕಂತೆ, ಒಬ್ಬ ಮುಂದಾದ್ರೂ ಚಾವಣಿ ತಿರುಚಿಕೊಳ್ಳುತ್ತಂತೆ. ಚರ್ಚು ಬಾಗಿರೋದ್ರಿಂದ ಆ ತುದಿಯೋರಿಗೆ ಈ ತುದಿ ಕಾಣಲ್ಲ, ಕಹಳೆ ಕೂಗಿದ್ದೂ ಮುಟ್ಟಲ್ಲ. ಅದಕ್ಕೆ ಗೋಪುರದ ಗಂಟೆ ಬಾರಿಸೋದು ಅಂತಾಯ್ತು. ಒಂದು ಸಲ ಗಂಟೆ ಹೊಡೆದ್ರೆ ಒಂದು ಏಟು. ಯಾರು ಬಾರಿಸ್ತಾರೆ ಅಂದಾಗ ನಾನು ಅಂದೆ. ಯಾರೂ ಬೇಡ ಅನ್ನಲಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು. ನಾನು ಈಗ ಮಾಡ್ತಿದೀನಿ.

ಅಮ್ಮ


ಮೇ ೮

ಅಣ್ಣಾ,

ಅಮ್ಮ ಬಾಯಿ ಬಿಟ್ಟಳು.

ಎಂಟು ವರ್ಷ ಕಾದದ್ದನ್ನು ಒಂದು ಕಾಗದದ ಮೇಲೆ ಪಣಕ್ಕಿಟ್ಟು, "ಅದು ದೊಡ್ಡದಲ್ಲ" ಎಂದು ಬರೆಯುತ್ತೀಯಲ್ಲ! ನಿನ್ನ ಮೇಲೆ ರೇಗಾಡಬೇಕೆಂದು ಎರಡು ಹಾಳೆ ಬರೆದು ಹರಿದೆ. ಅದರ ಬದಲು ಹವಾಮಾನದ ಹತ್ತಿರ ನಿಂತ ಆ ಮಾತನ್ನು ನಾನೇ ಮುಗಿಸುತ್ತೇನೆ. ಉಳಿಯನ್ನು ಮೊದಲ ವರ್ಷ ಹಿಡಿದದ್ದು ನಿನ್ನ ಮೇಲಿನ ಸಿಟ್ಟಿನಿಂದ, ನಿಜ. ಈಗ ನೀನು ಬಂದು ವಾಪಸ್ ಕೇಳಿದರೂ ಕೊಡುವುದಿಲ್ಲ. ಅದು ನನ್ನದು.

ಇನ್ನು ಕೇಳು. ಎತ್ತಿದೆವು!

ಬೆಳಗ್ಗೆಯೇ ಇಡೀ ಅಂಗಳ ದಕ್ಷಿಣದ ಗೋಡೆಯ ಮಚಾನಿನ ಮೇಲಿತ್ತು. ಒಂದೊಂದು ಪಾದಕ್ಕೆ ಇಬ್ಬರು, ಎದುರುಬದುರು ಜೋಡಿ ಬೆಣೆ, ಕೈಯಲ್ಲಿ ಮರದ ಕೊಡತಿ. ಎಂಜಿನಿಯರಮ್ಮ ಗೋಡೆಯ ನೇರ ನೋಡುವ ತೂಗುದಾರದ ಎದುರು ಮೊಣಕಾಲೂರಿ ಕೂತಿದ್ದರು. ಬೀದಿಯ ತುಂಬ ಜನ. ಮೇಷ್ಟ್ರೂ ಬಂದಿದ್ದರು, ಬೀಳುವುದನ್ನು ನೋಡಲು ಎಂದುಕೊಳ್ಳುತ್ತೇನೆ. ಗಂಟೆ ಬಡಿಯಿತು, ಹೊಡೆದೆವು. ಏನೂ ಇಲ್ಲ. ಮತ್ತೆ ಗಂಟೆ, ಮತ್ತೆ ಏಟು. ಬಂಡೆಗೆ ಹೊಡೆದ ಹಾಗೆ ಕೈ ಜುಮ್ಮೆಂದಿತು. ಆಮೇಲೊಮ್ಮೆ ಪೀಠದ ಕಡೆಯಿಂದ ಕಿರ್ರನೆ ಸದ್ದು. ನನ್ನ ಪಕ್ಕದ ಪಕ್ಕೆಲುಬು ನರಳಿತು. ಯಾರೋ ಗಂಟೆಗೆ ಮುಂಚೆಯೇ ಹೊಡೆದಿದ್ದಾರೆ! ಎಂಜಿನಿಯರಮ್ಮ ಕೈ ಎತ್ತಿದರು, ಗಂಟೆ ನಿಂತಿತು. ತಿರುಚಿಕೊಂಡಿದ್ದರೆ ಎಲ್ಲ ಮುಗಿಯಿತು.

ಗೋಪುರದ ಕಿಂಡಿಯಿಂದ ಅಮ್ಮನ ತಲೆ ಹೊರಗೆ ಬಂತು.

"ಯಾರದು? ಕಹಳೆ, ನೀನೇ ತಾನೆ? ಒಳಗೊಳಗೇ ನಿನ್ನ ಕೂಗು ಹಾಕ್ಕೊಂಡು ಹೊಡೀತಿದೀಯ! ಗಂಟಲು ಮುಚ್ಚು, ಗಂಟೆ ಕೇಳು!"

ಹಡಗು ಇಳಿಸುವಾಗ ಊರೆಲ್ಲ ಇವನ ಮಾತು ಕೇಳುತ್ತದೆ, ಬೇರೆಯವರ ತಾಳಕ್ಕೆ ಹೊಡೆದು ಅವನಿಗೆ ಅಭ್ಯಾಸವೇ ಇಲ್ಲ. "ಆಯ್ತು ತಾಯಿ," ಎಂದ, ಕುರಿಮರಿಯ ಹಾಗೆ. ಎಂಜಿನಿಯರಮ್ಮ ಓಡಿಹೋಗಿ ನೋಡಿ ಬಂದರು. ಅವನ ಬೆಣೆ ಮಾತ್ರ ತುಸು ಮುಂದೆ ಹೋಗಿತ್ತು. ಅದನ್ನು ಹಿಂದಕ್ಕೆ ತಂದೆವು. ಮತ್ತೆ ಗಂಟೆ.

ಆ ಮೇಲಿನ ಏಟುಗಳು ನನಗೆ ಸಾಯುವವರೆಗೂ ಕೇಳಿಸುತ್ತವೆ. ಇಡೀ ಗೋಡೆಯುದ್ದಕ್ಕೆ ಒಂದೇ ಕೈ, ಒಂದೇ ಕೊಡತಿ. ಸಿಮೆಂಟು ಒಣ ಕಟ್ಟಿಗೆ ಮುರಿದ ಹಾಗೆ ಈ ತುದಿಯಿಂದ ಆ ತುದಿಯವರೆಗೆ ಸೀಳುತ್ತಾ ಹೋಯಿತು. ಧೂಳು ಇಳಿದಾಗ ಗೋಡೆಗೂ ಚಾವಣಿಗೂ ನಡುವೆ ಬೆಳಕು! ಬೆರಳಗಲದ ಬೆಳಕಿನ ಗೆರೆ. ಮುನ್ನೂರು ವರ್ಷದ ಹಡಗು ನಮ್ಮ ಬೆಣೆಗಳ ಮೇಲೆ ತೇಲುತ್ತಿತ್ತು, ಅಣ್ಣಾ. ನಾನು ಅತ್ತೆ. ಯಾರಿಗೂ ಹೇಳಬೇಡ, ಧೂಳು ಎಂದಿದ್ದೇನೆ.

ಸಿಮೆಂಟು ಕೆತ್ತಿ ತೆಗೆದೆವು. ಗಟ್ಟಿಮರದ ಹೊಸ ಹಲಗೆ ಇಟ್ಟು, ಜಾರಲೆಂದು ಕೊಬ್ಬು ಸವರಿ, ಗಂಟೆಯ ಲೆಕ್ಕಕ್ಕೇ ಇಳಿಸಿದೆವು. ಪಾದಗಳು ಕಚ್ಚಿನಲ್ಲಿ ಕೂತವು, ಸಡಿಲವಾಗಿ, ಇರಬೇಕಾದ ಹಾಗೆ. ಸಂದಿಗೆ ತಂತಿಬಲೆ ಹೊಡೆಯಬೇಕು ಎಂಬುದು ಅಮ್ಮನ ಷರತ್ತು, ಒಪ್ಪಿದ್ದೇವೆ. ಎಂಜಿನಿಯರಮ್ಮ ತೂಗುದಾರವನ್ನು ಬಹಳ ಹೊತ್ತು ನೋಡಿದರು. ಗೋಡೆ ಇನ್ನು ಹೊರಕ್ಕೆ ಹೋಗುತ್ತಿಲ್ಲ. ಅಲ್ಲೇ ಮೊಣಕಾಲ ಮೇಲೆ ಕಾಗದ ಇಟ್ಟು ಸಹಿ ಹಾಕಿದರು.

ಎತ್ತಿದ ಹಡಗಿನ ಕೆಳಗೆ ಎತ್ತಿದವರೇ ಮೊದಲು ನಿಲ್ಲಬೇಕು, ಅದು ಅಂಗಳದ ನಿಯಮ. ಫಾದರ್ ಬೀಗ ತೆಗೆದರು. ಧೂಳು ಮೆತ್ತಿದ ಇಡೀ ಸಂಘ ಕೊಡತಿ ಹಿಡಿದುಕೊಂಡೇ ಒಳಗೆ ನಡೆಯಿತು, ನಾನೂ. ಹಿಂದೆಯೇ ಊರು. ಎಲ್ಲರೂ ತಲೆ ಎತ್ತಿ ನಿಂತರು. ಆಗ ಕಹಳೆ ಮಾವ, ಬೆಳಗಿನಿಂದ ತಡೆದಿಟ್ಟ ಗಂಟಲನ್ನೆಲ್ಲ ಬಿಟ್ಟು, "ದುಡಿಯುವ ಕೈಗೆ!" ಎಂದು ಕೂಗಿದ.

"ಜಯವಾಗಲಿ!" ಎಂದಿತು ಚರ್ಚು. ಸಂಘ ಮಾತ್ರವಲ್ಲ, ಮುಸುಕು ಹೊದ್ದ ಅಜ್ಜಿಯರೂ. ಫಾದರ್ ಕೆಮ್ಮಿದರು. ಮತ್ತೆ ಕೆಮ್ಮಿದರು. ಆಮೇಲೆ ಗಟ್ಟಿಯಾಗಿ, "ಆಮೆನ್," ಎಂದರು.

ನಿನ್ನೆ ಬಿಷಪ್ಪರೇ ನೋಡಲು ಬಂದರು. ವಯಸ್ಸಾದ ಮನುಷ್ಯ, ಆದರೂ ಏಣಿ ಹತ್ತಿದರು. ಮೇಲೆ ನಿಂತು ಕೇಳಿದರು, "ಆ ಪತ್ರ ಬರೆದದ್ದು ನಿನ್ನ ಅಣ್ಣನಾ?"

"ಹೌದು. ಅವನು ಬರೀದಿದ್ರೆ ನೀವು ಇವತ್ತು ಇಟ್ಟಿಗೆ ರಾಶಿ ನೋಡ್ತಿದ್ರಿ. ವಿಧೇಯತೆ ಅಂದ್ರೆ ಬೀಳೋದನ್ನ ನೋಡ್ಕೊಂಡು ಸುಮ್ನಿರೋದಾ?"

ಅವರು ಬಹಳ ಹೊತ್ತು ಹಲಗೆಗಳ ಮೇಲೆ ಕೈಯಾಡಿಸಿದರು. "ಜೂನಿನಲ್ಲಿ ನಾನೇ ಬರ್ತೀನಿ," ಎಂದರು. "ಅವನ ದೀಕ್ಷೆ ಇಲ್ಲೇ ಆಗಲಿ." ಅಮ್ಮ ಕೆಳಗಿನಿಂದ ಹೇಗೆ ಕೇಳಿಸಿಕೊಂಡಳೋ! ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟಳು.

ನಿನಗೆ ಅವರ ಕಾಗದ ಬರುತ್ತದೆ, ಆದರೆ ಮೊದಲು ನನ್ನದು ಮುಟ್ಟಲಿ ಎಂದು ಓಡಿಬಂದು ಬರೆಯುತ್ತಿದ್ದೇನೆ. ದೀಕ್ಷೆಯ ದಿನ ಚರ್ಚಿನ ಮುಂದಿನ ಎರಡು ಸಾಲು ಬೆಂಚು ಅಂಗಳದವರಿಗೆ ಎಂದು ಫಾದರ್ ಬಿಟ್ಟುಕೊಟ್ಟಿದ್ದಾರೆ. ನಾನು ಅಂಗಳದವಳು.

ದೀಕ್ಷೆಗೆ ಒಂದು ವಾರ ಮೊದಲೇ ಬಾ. ಹಳೆಯ ಬಟ್ಟೆ ತಂದಿರು. ಹೆಂಚು ಹೊದಿಸುವುದು ಪೂರ್ತಿ ಬಾಕಿ ಇದೆ, ಮೇಲೆ ನನಗೆ ಕೈ ಸಾಲುತ್ತಿಲ್ಲ.

ನಿನ್ನ ತಂಗಿ,
ಕಿಡಿ